ಒಪ್ಪಿಗೆಯಿಲ್ಲದೆ ಹರಡುವ ಖಾಸಗಿ ಫೋಟೋ, ವಿಡಿಯೋ: ತಂತ್ರಜ್ಞಾನ ಎಲ್ಲಿ ತಡೆಯುತ್ತದೆ, ಎಲ್ಲಿ ತಡೆಯಲಾರದು?

ಯಾವುದಾದರೂ ಖಾಸಗಿ ವಿಡಿಯೋ ಸುದ್ದಿಯಾದ ದಿನ ವಾಟ್ಸಾಪ್ ಗ್ರೂಪುಗಳಲ್ಲಿ ಮೊದಲು ಬರುವ ಪ್ರಶ್ನೆ ‘ಯಾರ ಹತ್ರ ಇದೆ, ಕಳ್ಸಿ’ ಎಂಬುದು. ಅದಕ್ಕೆ ಬರುವ ಸಮಜಾಯಿಷಿಗಳೂ ಹೆಚ್ಚುಕಡಿಮೆ ಒಂದೇ ತರಹ. ‘ಊರೆಲ್ಲಾ ನೋಡಿದೆ, ನಾನೊಬ್ಬ ಕಳಿಸಿದರೆ ಏನಾಗುತ್ತೆ?’ ‘ನೋಡಿ ಡಿಲೀಟ್ ಮಾಡಿದರೆ ಆಯಿತು.’ ‘ತಪ್ಪಾಗಿದ್ದರೆ ಕಂಪನಿಯವರೇ ಬ್ಲಾಕ್ ಮಾಡುತ್ತಿದ್ದರು.’ ‘ಇಂಥದ್ದು ಹರಡಿದರೇ ನ್ಯಾಯ ಸಿಗೋದು.’

ಈ ಮಾತುಗಳಲ್ಲಿ ಎಷ್ಟು ನಿಜವಿದೆ? ಒಪ್ಪಿಗೆಯಿಲ್ಲದೆ ಹರಡುವ ಚಿತ್ರಗಳನ್ನು ತಡೆಯುವ ತಂತ್ರಜ್ಞಾನ ನಿಜಕ್ಕೂ ಇದೆಯೇ? ಇದ್ದರೆ ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ನಿಂತುಬಿಡುತ್ತದೆ? ನಮ್ಮ ರಾಜ್ಯದಲ್ಲೇ ನಡೆದ ಪ್ರಕರಣವೊಂದನ್ನು ಮುಂದಿಟ್ಟುಕೊಂಡು ಇವಕ್ಕೆ ಉತ್ತರ ಹುಡುಕೋಣ.

ಹಾಸನದಲ್ಲಿ ನಡೆದದ್ದೇನು?

2024ರ ಏಪ್ರಿಲ್ 26ರಂದು ಹಾಸನ ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆಯಿತು. ಅದರ ಆಸುಪಾಸಿನ ದಿನಗಳಲ್ಲಿ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹರಿದಾಡತೊಡಗಿದವು. ಬಸ್ ನಿಲ್ದಾಣ, ಪಾರ್ಕುಗಳಂಥ ಸಾರ್ವಜನಿಕ ಜಾಗಗಳಲ್ಲೂ ಅವು ಸಿಕ್ಕವೆಂದು ಪತ್ರಿಕೆಗಳು ವರದಿ ಮಾಡಿದವು. ಅವುಗಳಲ್ಲಿ ಇದ್ದದ್ದು ಆಗಿನ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದ್ದು ಎನ್ನಲಾದ ವಿಡಿಯೋಗಳು. ಬಹಳಷ್ಟರಲ್ಲಿ ಹೆಣ್ಣುಮಕ್ಕಳ ಮುಖಗಳನ್ನು ಮರೆಮಾಡಿರಲಿಲ್ಲ. ಪೆನ್‌ಡ್ರೈವ್‌ನಿಂದ ಫೋನಿಗೆ, ಫೋನಿನಿಂದ ಗ್ರೂಪುಗಳಿಗೆ ಅವು ದಾಟಿಕೊಂಡವು.

ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆ ನಾಗಲಕ್ಷ್ಮಿ ಚೌಧರಿ ಅವರು ಮುಖ್ಯಮಂತ್ರಿಗೆ ಪತ್ರ ಬರೆದ ಮೇಲೆ ಸರ್ಕಾರ ವಿಶೇಷ ತನಿಖಾ ತಂಡ (ಎಸ್‌ಐಟಿ) ರಚಿಸಿತು. ಏಪ್ರಿಲ್ 28ರಂದು ಹೊಳೆನರಸೀಪುರ ಠಾಣೆಯಲ್ಲಿ ಮೊದಲ ಎಫ್‌ಐಆರ್ ದಾಖಲಾಯಿತು. ಮೇ 31ರ ನಸುಕಿನಲ್ಲಿ, ಜರ್ಮನಿಯಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಜ್ವಲ್ ಅವರನ್ನು ಎಸ್‌ಐಟಿ ಬಂಧಿಸಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ, ಒಬ್ಬ ಮಹಿಳೆ ನೀಡಿದ ದೂರಿನ ಪ್ರಕರಣದಲ್ಲಿ ಅವರನ್ನು ದೋಷಿ ಎಂದು ತೀರ್ಮಾನಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅತ್ಯಾಚಾರದ ಕಲಂಗಳ ಜೊತೆಗೆ, ಹೆಣ್ಣಿನ ಖಾಸಗಿ ಕ್ಷಣಗಳನ್ನು ಚಿತ್ರೀಕರಿಸುವುದಕ್ಕೆ ಸಂಬಂಧಿಸಿದ ಕಲಂಗಳಲ್ಲೂ ಅವರು ದೋಷಿಯೆಂದು ಸಾಬೀತಾಯಿತು. ಅವರ ಮೇಲಿನ ಪ್ರಕರಣಗಳಲ್ಲಿ ಬಂದ ಮೊದಲ ತೀರ್ಪು ಇದು.

ಇದಿಷ್ಟೂ ಆರೋಪಿಯ ಕಥೆ. ಈ ಲೇಖನ ಬರೆಯುತ್ತಿರುವುದು ಅದರ ಇನ್ನೊಂದು ಮಗ್ಗುಲಿಗಾಗಿ. ಆ ವಿಡಿಯೋಗಳಲ್ಲಿದ್ದ ಹೆಂಗಸರು ಅದೇ ಜಿಲ್ಲೆಯವರಾಗಿದ್ದರೆ ಏನಾಗುತ್ತದೆ ಯೋಚಿಸಿ. ಬೆಂಗಳೂರಿನಂಥ ಊರಲ್ಲಿ ಒಂದು ಮುಖ ಗುಂಪಿನಲ್ಲಿ ಕರಗಿಹೋಗಬಹುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಹಾಗಾಗುವುದಿಲ್ಲ. ಸಂತೆಯಲ್ಲಿ, ಡೇರಿಯ ಮುಂದೆ, ಮಗುವಿನ ಶಾಲೆಯ ಗೇಟಿನಲ್ಲಿ ಯಾರೋ ಒಬ್ಬರು ಗುರುತು ಹಿಡಿದೇ ಹಿಡಿಯುತ್ತಾರೆ. ವಿಡಿಯೋ ಹರಡಿದ ಮೇಲೆ ಕೆಲವು ಮಹಿಳೆಯರು ಮನೆ ಬಿಟ್ಟು ಹೋದರೆಂದು ಆಗ ವರದಿಗಳು ಬಂದಿದ್ದವು. ಮೊದಲ ಅನ್ಯಾಯ ಮಾಡಿದವನು ಒಬ್ಬ. ಎರಡನೆಯದನ್ನು ಮಾಡಿದವರು ಸಾವಿರಾರು ಜನ. ಅವರಲ್ಲಿ ಬಹುಪಾಲು ಮಂದಿ ತಾವು ಏನೋ ತಪ್ಪು ಮಾಡುತ್ತಿದ್ದೇವೆ ಎಂದುಕೊಂಡವರೇ ಅಲ್ಲ.

ಎಸ್‌ಐಟಿ ಆಗಲೇ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತ್ತು: ಈ ವಿಡಿಯೋಗಳನ್ನು ಹಂಚುವುದು ಅಪರಾಧ, ಹಂಚಿದವರ ಮೇಲೆ ಕ್ರಮ ಕೈಗೊಳ್ಳುತ್ತೇವೆ ಎಂದು.

ಚಿತ್ರ ಕೊಡದೆಯೇ ಚಿತ್ರವನ್ನು ತಡೆಯುವುದು ಹೇಗೆ?

ಈಗ ತಂತ್ರಜ್ಞಾನಕ್ಕೆ ಬರೋಣ. ತನ್ನ ಖಾಸಗಿ ಫೋಟೋ ಎಲ್ಲೋ ಅಪ್‌ಲೋಡ್ ಆಗಬಹುದು ಎಂಬ ಭಯದಲ್ಲಿರುವ ಹೆಣ್ಣುಮಗಳ ಮುಂದೆ ಒಂದು ವಿಚಿತ್ರ ಇಕ್ಕಟ್ಟು ಇರುತ್ತದೆ. ‘ಈ ಫೋಟೋ ಬಂದರೆ ತಡೆಯಿರಿ’ ಎಂದು ಕಂಪನಿಗೆ ಹೇಳಬೇಕಾದರೆ ‘ಈ ಫೋಟೋ’ ಯಾವುದೆಂದು ತೋರಿಸಬೇಕಲ್ಲ? 2017ರಲ್ಲಿ ಫೇಸ್‌ಬುಕ್ ಆಸ್ಟ್ರೇಲಿಯಾದಲ್ಲಿ ಇಂಥದ್ದೇ ಒಂದು ಪ್ರಯೋಗ ಮಾಡಿತ್ತು. ಜನ ತಮ್ಮ ಖಾಸಗಿ ಫೋಟೋವನ್ನು ಕಂಪನಿಗೆ ಕಳಿಸಬೇಕಿತ್ತು. ಕಳ್ಳನಿಂದ ಕಾಪಾಡಲು ಒಡವೆಯನ್ನು ಅಪರಿಚಿತರ ಕೈಗೆ ಕೊಟ್ಟಂತೆ ಎಂದು ಜನ ಹಿಂಜರಿದದ್ದು ಸಹಜ.

ಈ ಇಕ್ಕಟ್ಟನ್ನು ಬಿಡಿಸಿದ್ದು ‘ಹ್ಯಾಶ್’ ಎಂಬ ವಿಧಾನ. ಹ್ಯಾಶ್ ಎಂದರೆ ಒಂದು ಫೈಲಿನಿಂದ ಲೆಕ್ಕ ಹಾಕಿ ತೆಗೆದ ಅಂಕಿ-ಅಕ್ಷರಗಳ ಸಾಲು, ಆ ಫೈಲಿನ ಬೆರಳಚ್ಚು ಇದ್ದಂತೆ. ಫೋಟೋದಿಂದ ಹ್ಯಾಶ್ ತೆಗೆಯಬಹುದು. ಹ್ಯಾಶ್‌ನಿಂದ ಫೋಟೋವನ್ನು ವಾಪಸ್ ಪಡೆಯಲು ಆಗುವುದಿಲ್ಲ. ಅಕ್ಕಿಯನ್ನು ರುಬ್ಬಿ ಹಿಟ್ಟು ಮಾಡಬಹುದು, ಹಿಟ್ಟಿನಿಂದ ಮತ್ತೆ ಅಕ್ಕಿಕಾಳು ಬರುವುದಿಲ್ಲವಲ್ಲ, ಹಾಗೆ.

ಕಂಪನಿಯ ಬಳಿ ಈ ಬೆರಳಚ್ಚು ಮಾತ್ರ ಇದ್ದರೆ ಸಾಕು. ಯಾರಾದರೂ ಹೊಸ ಫೋಟೋ ಅಪ್‌ಲೋಡ್ ಮಾಡಿದಾಗ ಅದರ ಹ್ಯಾಶ್ ಲೆಕ್ಕ ಹಾಕಿ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ತಾಳೆಯಾದರೆ ಆ ಫೋಟೋ ತನ್ನ ನಿಯಮಕ್ಕೆ ವಿರುದ್ಧವೇ ಎಂದು ಪರಿಶೀಲಿಸಿ ತೆಗೆದುಹಾಕುತ್ತದೆ ಅಥವಾ ತಡೆಯುತ್ತದೆ. ಇದೇ ತತ್ವದ ‘ಫೋಟೋಡಿಎನ್‌ಎ’ ಎಂಬ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಮತ್ತು ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಹ್ಯಾನಿ ಫರೀದ್ ಸೇರಿ 2009ರಲ್ಲಿ ರೂಪಿಸಿದ್ದರು. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಪತ್ತೆಹಚ್ಚಲು ಅದು ಬಳಕೆಯಲ್ಲಿದೆ.

ಸ್ಟಾಪ್ ಎನ್‌ಸಿಐಐ ಎಂದರೇನು?

ವಯಸ್ಕರಿಗಾಗಿ ಇರುವ ಇಂಥ ಸೇವೆಯ ಹೆಸರು ‘ಸ್ಟಾಪ್ ಎನ್‌ಸಿಐಐ’. ವಿಳಾಸ: ಸ್ಟಾಪ್‌ಎನ್‌ಸಿಐಐ ಡಾಟ್ ಓಆರ್‌ಜಿ. 2021ರ ಡಿಸೆಂಬರ್‌ನಲ್ಲಿ ಶುರುವಾದ ಇದನ್ನು ನಡೆಸುವುದು ಬ್ರಿಟನ್ನಿನ ಒಂದು ಸೇವಾಸಂಸ್ಥೆ. ಶುಲ್ಕವಿಲ್ಲ. ಭಾರತದಲ್ಲಿರುವವರೂ ಬಳಸಬಹುದು. ಇದು ಹೀಗೆ ನಡೆಯುತ್ತದೆ:

1. ನಿಮ್ಮ ಫೋನ್ ಅಥವಾ ಕಂಪ್ಯೂಟರಿನಲ್ಲಿ ಆ ತಾಣ ತೆರೆದು, ಕೇಳುವ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಚಿತ್ರದಲ್ಲಿರುವವರು ನೀವೇ ಆಗಿರಬೇಕು, ಈಗ 18 ವರ್ಷ ದಾಟಿರಬೇಕು, ಚಿತ್ರ ತೆಗೆದಾಗಲೂ ದಾಟಿರಬೇಕು.

2. ಆ ಫೋಟೋ ಅಥವಾ ವಿಡಿಯೋವನ್ನು ನಿಮ್ಮ ಫೋನಿನಿಂದ ಆರಿಸಬೇಕು. ಹ್ಯಾಶ್ ತಯಾರಾಗುವುದು ನಿಮ್ಮ ಫೋನಿನಲ್ಲೇ. ಫೋಟೋ ಅಲ್ಲಿಂದ ಹೊರಗೆ ಹೋಗುವುದಿಲ್ಲ; ಹ್ಯಾಶ್ ಮಾತ್ರ ಹೋಗುತ್ತದೆ.

3. ಒಂದು ಕೇಸ್ ನಂಬರ್ ಮತ್ತು ಪಿನ್ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಬೇಕು. ಮುಂದೆ ಸ್ಥಿತಿ ತಿಳಿಯಲು ಅದೇ ಬೇಕು.

4. ಸೇವೆಯ ಜೊತೆ ಕೈಜೋಡಿಸಿರುವ ಕಂಪನಿಗಳಿಗೆ ಆ ಹ್ಯಾಶ್ ತಲುಪುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ರೆಡಿಟ್, ಬಂಬಲ್, ಸ್ನ್ಯಾಪ್‌ಚಾಟ್, ಮೈಕ್ರೋಸಾಫ್ಟಿನ ಬಿಂಗ್ ಹುಡುಕುತಾಣ ಈ ಪಟ್ಟಿಯಲ್ಲಿವೆ.

ಚಿತ್ರ ಇನ್ನೂ ಎಲ್ಲೂ ಹರಡಿಲ್ಲ, ಆದರೆ ‘ಹಾಕುತ್ತೇನೆ’ ಎಂದು ಯಾರೋ ಹೆದರಿಸುತ್ತಿದ್ದಾರೆ ಎಂದಾಗ ಇದು ಹೆಚ್ಚು ಉಪಯುಕ್ತ. ಅವರು ಹಾಕುವ ಮೊದಲೇ ನೀವು ಬೆರಳಚ್ಚು ಕೊಟ್ಟಿರಬಹುದು.

18 ದಾಟದವರ ಚಿತ್ರವಾದರೆ ‘ಟೇಕ್ ಇಟ್ ಡೌನ್’ ಎಂಬ ಬೇರೆ ಸೇವೆ ಇದೆ. ಅಮೆರಿಕದ, ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ 2023ರಲ್ಲಿ ಇದನ್ನು ಆರಂಭಿಸಿತು. ಅಲ್ಲೂ ಹ್ಯಾಶ್ ಮಾತ್ರ ಹೋಗುತ್ತದೆ.

ಹಾಗಾದರೆ ಸಮಸ್ಯೆ ಮುಗಿಯಿತಲ್ಲ?

ಇಲ್ಲ. ಮೂರು ಕಡೆ ಈ ಬಲೆಗೆ ತೂತುಗಳಿವೆ. ಅವು ಗೊತ್ತಿದ್ದರೆ ಸುಳ್ಳು ಭರವಸೆಯಲ್ಲಿ ಸಮಯ ಕಳೆಯುವುದು ತಪ್ಪುತ್ತದೆ.

ಮೊದಲನೆಯದು, ಬದಲಾದ ಫೈಲು. ಫೋಟೋಗಳಿಗೆ ಬಳಸುವ ಹ್ಯಾಶ್ ಸ್ವಲ್ಪ ಜಾಣ. ಫೋಟೋದ ಗಾತ್ರ ಕಿರಿದಾದರೂ, ಗುಣಮಟ್ಟ ಕೊಂಚ ಕುಂದಿದರೂ ಗುರುತು ಹಿಡಿಯಬಲ್ಲದು. ಆದರೆ ತುಂಬ ಕತ್ತರಿಸಿದರೆ, ಚೌಕಟ್ಟು ಸೇರಿಸಿದರೆ ತಪ್ಪಿಸಿಕೊಳ್ಳಬಹುದು. ವಿಡಿಯೋಗೆ ಈ ಸೇವೆ ಬಳಸುವ ಹ್ಯಾಶ್ ಇನ್ನೂ ಕಟ್ಟುನಿಟ್ಟು. ಫೈಲಿನಲ್ಲಿ ಒಂದು ಚುಕ್ಕಿಯಷ್ಟು ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವಾಗ ವಿಡಿಯೋ ಚಿಕ್ಕದಾಗುತ್ತದಲ್ಲ, ಅಷ್ಟೇ ಸಾಕು. ಹಾಗಾಗಿ ನಿಮ್ಮ ಬಳಿ ಒಂದೇ ವಿಡಿಯೋದ ಬೇರೆ ಬೇರೆ ರೂಪಗಳಿದ್ದರೆ ಎಲ್ಲದರ ಹ್ಯಾಶ್ ಕೊಡುವುದು ಒಳ್ಳೆಯದು.

ಎರಡನೆಯದು, ಪಟ್ಟಿಯಲ್ಲಿ ಇಲ್ಲದ ತಾಣಗಳು. ಸೇರಿಕೊಂಡ ಕಂಪನಿಗಳು ಮಾತ್ರ ತಾಳೆ ನೋಡುತ್ತವೆ. ಉಳಿದ ತಾಣಗಳಿಗೆ ಬೇರೆ ದಾರಿ ಹಿಡಿಯಬೇಕು. ಅದನ್ನು ಮುಂದೆ ಹೇಳಿದ್ದೇವೆ.

ಮೂರನೆಯದು, ಖಾಸಗಿ ಸಂದೇಶಗಳು. ವಾಟ್ಸಾಪ್ ಚಾಟ್‌ಗಳು ಕಳಿಸುವವರ ಫೋನಿನಿಂದ ಪಡೆಯುವವರ ಫೋನಿನವರೆಗೂ ಬೀಗ ಹಾಕಿಕೊಂಡು ಹೋಗುತ್ತವೆ. ನಡುವೆ ಕಂಪನಿಯೂ ತೆರೆದು ನೋಡಲಾರದು. ಈ ಬೀಗ ನಮ್ಮೆಲ್ಲರ ಖಾಸಗಿತನವನ್ನು ಕಾಯುತ್ತದೆ. ಅದೇ ಬೀಗದಿಂದಾಗಿ, ಒಳಗೆ ಹೋಗುತ್ತಿರುವುದು ಯಾರದ್ದೋ ಮಾನ ಎಂಬುದು ಕಂಪನಿಗೆ ಕಾಣುವುದಿಲ್ಲ. ಆದ್ದರಿಂದ ‘ತಪ್ಪಾಗಿದ್ದರೆ ಕಂಪನಿಯವರೇ ಬ್ಲಾಕ್ ಮಾಡುತ್ತಿದ್ದರು’ ಎಂಬ ಮಾತು ವಾಟ್ಸಾಪ್ ಮಟ್ಟಿಗೆ ಸುಳ್ಳು.

ಇನ್ನು ಪೆನ್‌ಡ್ರೈವ್? ಅದಕ್ಕೆ ಇಂಟರ್‌ನೆಟ್ಟೇ ಬೇಡ. ಹಾಸನದಲ್ಲಿ ವಿಡಿಯೋ ಹರಡಿದ ಮೊದಲ ದಾರಿಯನ್ನು ಯಾವ ಹ್ಯಾಶ್ ಕೂಡ ಮುಟ್ಟಲಾರದಿತ್ತು. ಕಿಸೆಯಿಂದ ಕಿಸೆಗೆ, ಬ್ಲೂಟೂತ್‌ನಲ್ಲಿ, ಮೊಬೈಲ್ ಅಂಗಡಿಯ ಕಂಪ್ಯೂಟರಿನಿಂದ ಹೋಗುವ ಫೈಲನ್ನು ತಡೆಯುವ ಶಕ್ತಿ ಇರುವುದು ಅದನ್ನು ಹಿಡಿದುಕೊಂಡಿರುವವರಿಗೆ ಮಾತ್ರ.

ವಾಟ್ಸಾಪ್ ಏನೂ ಮಾಡಿಲ್ಲವೇ?

ಒಳಗೆ ನೋಡಲಾರದಿದ್ದರೂ ಹರಿವಿನ ವೇಗವನ್ನು ಅದು ತಗ್ಗಿಸಿದೆ. ಇದಕ್ಕೂ ಕರ್ನಾಟಕಕ್ಕೂ ನಂಟಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರನ್ನು ಕೊಂದುಹಾಕಿತು. ದೇಶದ ಹಲವೆಡೆ ಇಂಥ ಸಾವುಗಳಾದ ಆ ತಿಂಗಳಲ್ಲೇ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ಘೋಷಿಸಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಎಂದು ಬಿಗಿ ಮಾಡಿತು. ಅಂಥ ಸಂದೇಶಗಳ ಓಡಾಟ ಇದರಿಂದ ಶೇ 70ರಷ್ಟು ಇಳಿಯಿತೆಂದು ಕಂಪನಿ ಹೇಳಿಕೊಂಡಿದೆ.

ಆದರೂ ಲೆಕ್ಕ ನೋಡಿ. ಒಬ್ಬರು ಐವರಿಗೆ, ಆ ಐವರಲ್ಲಿ ಒಬ್ಬೊಬ್ಬರೂ ಮತ್ತೆ ಐವರಿಗೆ ಕಳಿಸಿದರೆ ಐದನೇ ಸುತ್ತಿಗೆ 3,125 ಹೊಸ ಕೈಗಳು. ನಡುವೆ ಒಂದು ದೊಡ್ಡ ಗ್ರೂಪ್ ಬಂದರೆ ಒಂದೇ ಒತ್ತಿಗೆ 1,024 ಜನರವರೆಗೆ ತಲುಪಬಹುದು. ಇದೇ ಲೆಕ್ಕವನ್ನು ತಿರುಗಿಸಿಯೂ ನೋಡಬಹುದು. ಮೊದಲ ಸುತ್ತಿನ ಐವರಲ್ಲಿ ಒಬ್ಬರು ಸುಮ್ಮನಾದರೆ ಐದನೇ ಸುತ್ತಿನಲ್ಲಿ 625 ಕೈಗಳಿಗೆ ಅದು ತಲುಪುವುದಿಲ್ಲ. ‘ನಾನೊಬ್ಬ ಕಳಿಸದಿದ್ದರೆ ಏನಾಗುತ್ತೆ’ ಎಂಬ ಪ್ರಶ್ನೆಗೆ ಇದು ಗಣಿತದ ಉತ್ತರ.

2021ರಲ್ಲಿ ಬಂದ ‘ಒಮ್ಮೆ ಮಾತ್ರ ನೋಡಿ’ ಸೌಲಭ್ಯದಲ್ಲಿ ಫೋಟೋ ಒಂದು ಸಲ ತೆರೆದ ಮೇಲೆ ಮಾಯವಾಗುತ್ತದೆ, ಸ್ಕ್ರೀನ್‌ಶಾಟ್‌ಗೂ ತಡೆಯಿದೆ. ಆದರೆ ಇನ್ನೊಂದು ಫೋನಿನಿಂದ ಪರದೆಯ ಫೋಟೋ ತೆಗೆಯುವುದನ್ನು ಯಾವ ತಂತ್ರಾಂಶವೂ ತಡೆಯಲಾರದು. ಹಾಗಾಗಿ ಇದನ್ನು ಬೀಗ ಎಂದುಕೊಳ್ಳಬೇಡಿ, ಬರೀ ಚಿಲಕ.

ಫಾರ್ವರ್ಡ್ ಮಾತುಗಳು ಮತ್ತು ನಿಜ

‘ನಾನು ತೆಗೆದದ್ದಲ್ಲ, ಬಂದದ್ದನ್ನು ಕಳಿಸಿದೆ. ನನಗೇನೂ ಆಗಲ್ಲ.’

ಸುಳ್ಳು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ಇ ಪ್ರಕಾರ ವ್ಯಕ್ತಿಯ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಪ್ರಕಟಿಸುವುದು, ಕಳಿಸುವುದು ಮೂರೂ ಅಪರಾಧ. ಶಿಕ್ಷೆ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಲೈಂಗಿಕ ಕ್ರಿಯೆಯ ಚಿತ್ರ ಕಳಿಸಿದರೆ ಕಲಂ 67ಎ: ಮೊದಲ ಸಲಕ್ಕೆ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಕಾನೂನು ಎಲ್ಲೂ ‘ಮೊದಲು ಕಳಿಸಿದವರಿಗೆ ಮಾತ್ರ’ ಎಂದು ಹೇಳಿಲ್ಲ.

‘ಅವಳೇ ಒಪ್ಪಿ ತೆಗೆಸಿಕೊಂಡಿದ್ದಾಳೆ, ಮತ್ತೆ ದೂರೇನು?’

ಸುಳ್ಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 77 ಇದನ್ನು ಬಿಡಿಸಿ ಹೇಳಿದೆ. ಚಿತ್ರ ತೆಗೆಯಲು ಮಹಿಳೆ ಒಪ್ಪಿದ್ದರೂ, ಮೂರನೆಯವರಿಗೆ ಹಂಚಲು ಒಪ್ಪಿರದಿದ್ದರೆ ಹಂಚುವುದು ಅಪರಾಧ. ಹಳೆಯ ದಂಡ ಸಂಹಿತೆಯ 354ಸಿ ಕಲಂನಲ್ಲೂ ಇದೇ ವಿವರಣೆ ಇತ್ತು. ತೆಗೆಯಲು ಕೊಟ್ಟ ಒಪ್ಪಿಗೆ ಹಂಚಲು ಕೊಟ್ಟ ಒಪ್ಪಿಗೆ ಅಲ್ಲ. ಗಂಡನಿಗೂ ಇದು ಅನ್ವಯಿಸುತ್ತದೆ, ಮಾಜಿ ಪ್ರಿಯಕರನಿಗೂ ಅನ್ವಯಿಸುತ್ತದೆ.

‘ಹರಡಿದರೇ ನ್ಯಾಯ ಸಿಗೋದು.’

ಹಾಸನದ ಪ್ರಕರಣ ಈ ಮಾತಿಗೆ ಬೆಂಬಲ ಕೊಡುವುದಿಲ್ಲ. ಶಿಕ್ಷೆಯಾದದ್ದು ಒಬ್ಬ ಮಹಿಳೆ ಧೈರ್ಯ ಮಾಡಿ ದೂರು ಕೊಟ್ಟು, ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದದ್ದರಿಂದ. ತನಿಖಾ ತಂಡ ಸಂಗ್ರಹಿಸಿದ ಸಾಕ್ಷ್ಯ ಮತ್ತು ವಿಧಿವಿಜ್ಞಾನ ಪರೀಕ್ಷೆಗಳಿಂದ. ಸಾಕ್ಷ್ಯವಾಗಿ ವಿಡಿಯೋ ತಲುಪಬೇಕಾದ ಜಾಗ ಪೊಲೀಸರು ಮತ್ತು ನ್ಯಾಯಾಲಯ. ಅದು ಊರಿನ ಗ್ರೂಪಿಗೆ ಬಂದರೆ ಮುಂದೆ ಬರಬೇಕಾದ ಹೆಣ್ಣುಮಗಳು ಹಿಂದೆ ಸರಿಯುತ್ತಾಳೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು ನ್ಯಾಯ ಸಂಹಿತೆಯ ಕಲಂ 72ರಡಿ 2 ವರ್ಷದವರೆಗೆ ಜೈಲಾಗುವ ಅಪರಾಧ. ಹೆಸರು ಬರೆದರಷ್ಟೇ ಅಲ್ಲ, ಗುರುತು ಸಿಗುವಂತೆ ಊರು, ಮನೆತನ, ಕೆಲಸ ಬರೆದರೂ ಅಷ್ಟೇ.

‘ಅದು ಎಐನಲ್ಲಿ ಮಾಡಿದ್ದು, ನಿಜವಲ್ಲ. ಕಳಿಸಿದರೆ ಪರವಾಗಿಲ್ಲ.’

ಸುಳ್ಳು. 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖ ಅಂಟಿಸಿದ ಡೀಪ್‌ಫೇಕ್ ವಿಡಿಯೋ ಹರಡಿದಾಗ ದೆಹಲಿ ಪೊಲೀಸರು ಪ್ರಕರಣ ದಾಖಲಿಸಿ, 2024ರ ಜನವರಿಯಲ್ಲಿ ಆಂಧ್ರಪ್ರದೇಶದ ಯುವಕನೊಬ್ಬನನ್ನು ಬಂಧಿಸಿದರು. ತಿರುಚಿದ ಚಿತ್ರಗಳನ್ನೂ ತೆಗೆದುಹಾಕಬೇಕೆಂದು ಕೇಂದ್ರದ ನಿಯಮಗಳೇ ಹೇಳುತ್ತವೆ.

‘ಗ್ರೂಪಿನಲ್ಲಿ ಬಂದರೆ ಅಡ್ಮಿನ್ ಜೈಲಿಗೆ.’

ಹಾಗೆ ಸಾರಾಸಗಟಾಗಿ ಹೇಳಲಾಗದು. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲವೆಂದು ಬಾಂಬೆ ಮತ್ತು ಕೇರಳ ಹೈಕೋರ್ಟ್‌ಗಳು ಹೇಳಿವೆ. ಆದರೆ ಯಾರೇ ಹಾಕಿದ್ದನ್ನೂ ಎಲ್ಲರ ಫೋನಿನಿಂದ ಅಳಿಸುವ ಸೌಲಭ್ಯ ಅಡ್ಮಿನ್‌ಗೆ ಇದೆ. ಬೇರೆ ಯಾರಿಗೂ ಇಲ್ಲದ ಆ ಅಧಿಕಾರವನ್ನು ಮೊದಲ ನಿಮಿಷದಲ್ಲೇ ಬಳಸುವುದು ಒಳ್ಳೆಯದು.

‘ನೋಡಿ ಡಿಲೀಟ್ ಮಾಡಿದರೆ ಆಯಿತು.’

ಅರ್ಧ ಸತ್ಯ. ಫೋನಿನ ಗ್ಯಾಲರಿಯಲ್ಲಿ ತಾನಾಗಿಯೇ ಇಳಿದು, ಅಲ್ಲಿಂದ ಬ್ಯಾಕಪ್‌ಗೂ ಹೋಗಿರಬಹುದು. ಚಾಟ್‌ನಲ್ಲಿ ಅಳಿಸಿದರೂ ಅವು ಉಳಿಯಬಹುದು. ಚಿತ್ರದಲ್ಲಿರುವುದು ಮಗುವಾದರೆ ಕಲಂ 67ಬಿ ಅಡಿ ಡೌನ್‌ಲೋಡ್ ಮಾಡುವುದು, ಹುಡುಕುವುದು ಕೂಡ ಅಪರಾಧ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಫೋಟೋ, ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವುದನ್ನು ಇಂದೇ ನಿಲ್ಲಿಸಿಡಿ.

ನಿಮ್ಮದೇ ಚಿತ್ರ ಹರಡಿದ್ದರೆ ಏನು ಮಾಡಬೇಕು?

ಮೊದಲ ಮಾತು: ತಪ್ಪು ನಿಮ್ಮದಲ್ಲ. ಎರಡನೆಯದು: ಬ್ಲ್ಯಾಕ್‌ಮೇಲ್ ಮಾಡುವವರಿಗೆ ಹಣ ಕೊಡಬೇಡಿ. ಕೊಟ್ಟವರಿಗೆ ಮತ್ತೆ ಕರೆ ಬರುತ್ತದೆ. ಆಮೇಲೆ ಈ ಕ್ರಮದಲ್ಲಿ ಮುಂದುವರಿಯಿರಿ.

1. ಸಾಕ್ಷ್ಯ ಉಳಿಸಿಕೊಳ್ಳಿ. ಕಳಿಸಿದ ನಂಬರ್, ಪ್ರೊಫೈಲ್, ದಿನಾಂಕ, ಸಮಯ, ಬೆದರಿಕೆಯ ಮಾತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಲಿಂಕ್ ಇದ್ದರೆ ನಕಲು ಮಾಡಿಟ್ಟುಕೊಳ್ಳಿ. ಗಾಬರಿಯಲ್ಲಿ ಫೋನ್ ರೀಸೆಟ್ ಮಾಡಬೇಡಿ. ತನಿಖೆಗೆ ಮೂಲ ಫೋನೇ ಬೇಕಾಗಬಹುದು. ಆ ಚಿತ್ರವನ್ನು ‘ಸಾಕ್ಷ್ಯಕ್ಕೆ’ ಎಂದು ಸ್ನೇಹಿತರಿಗೆ, ನೆಂಟರಿಗೆ ಕಳಿಸಬೇಡಿ.

2. ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ. ವಾಟ್ಸಾಪ್‌ನಲ್ಲಿ ರಿಪೋರ್ಟ್ ಮಾಡಿದಾಗ ಆ ಚಾಟ್‌ನ ಕೊನೆಯ ಐದು ಸಂದೇಶಗಳು ಕಂಪನಿಗೆ ಹೋಗುತ್ತವೆ. ಮುಚ್ಚಿದ ಬೀಗದ ಹಿಂದಿನದು ಅದಕ್ಕೆ ಕಾಣುವ ದಾರಿ ಇದೊಂದೇ.

3. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ ನಗ್ನತೆ, ಲೈಂಗಿಕ ಕ್ರಿಯೆ ಅಥವಾ ತಿರುಚಿದ ಚಿತ್ರದ ಬಗ್ಗೆ ಅದರಲ್ಲಿರುವ ವ್ಯಕ್ತಿ ಅಥವಾ ಅವರ ಪರವಾಗಿ ಯಾರಾದರೂ ದೂರು ಕೊಟ್ಟರೆ ಕಂಪನಿ 2 ಗಂಟೆ ಮೀರುವಂತಿಲ್ಲ. ಸ್ಪಂದಿಸದಿದ್ದರೆ 2023ರಿಂದ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು.

4. ಹ್ಯಾಶ್ ಕೊಡಿ. ಮೇಲೆ ಹೇಳಿದ ಸ್ಟಾಪ್ ಎನ್‌ಸಿಐಐ ಅಥವಾ 18ರೊಳಗಿನವರಾದರೆ ಟೇಕ್ ಇಟ್ ಡೌನ್.

5. ಹುಡುಕುತಾಣದಿಂದ ತೆಗೆಸಿ. ಇಂಥ ಚಿತ್ರಗಳನ್ನು ಹುಡುಕಾಟದ ಫಲಿತಾಂಶದಿಂದ ತೆಗೆಯಲು ಗೂಗಲ್‌ನಲ್ಲಿ ಅರ್ಜಿ ನಮೂನೆ ಇದೆ. ಮೂಲ ತಾಣದಲ್ಲಿ ಚಿತ್ರ ಉಳಿದರೂ ಹೆಸರು ಹಾಕಿ ಹುಡುಕಿದಾಗ ಸಿಗುವುದು ತಪ್ಪುತ್ತದೆ. ಒಂದೇ ಚಿತ್ರದ ಪ್ರತಿಯೊಂದು ಲಿಂಕ್‌ಗೂ ಸಂತ್ರಸ್ತೆಯೇ ಮತ್ತೆ ಮತ್ತೆ ಅಲೆಯುವಂತೆ ಮಾಡಬಾರದೆಂದು 2023ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಹುಡುಕುತಾಣಗಳಿಗೆ ಹೇಳಿದೆ.

6. ಪೊಲೀಸರಿಗೆ ದೂರು ಕೊಡಿ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಎಂಬ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ಪ್ರಕರಣಗಳಿಗೆ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಸೈಬರ್ ಸಹಾಯವಾಣಿ 1930, ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098. ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧಗಳಿಗಾಗಿಯೇ ಸಿಇಎನ್ ಠಾಣೆ ಇದೆ. ಹಾಗೆಂದು ಅರಕಲಗೂಡಿನಿಂದಲೋ ಚನ್ನರಾಯಪಟ್ಟಣದಿಂದಲೋ ಹಾಸನಕ್ಕೇ ಹೋಗಬೇಕೆಂದಿಲ್ಲ. ಅಪರಾಧ ನಡೆದ ಜಾಗ ಯಾವುದೇ ಇರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173. ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂಬ ಉತ್ತರಕ್ಕೆ ವಾಪಸ್ ಬರಬೇಡಿ.

ಫೋನ್ ರಿಪೇರಿಗೆ ಕೊಡುವಾಗಲೂ ಜಾಗ್ರತೆ ಇರಲಿ. ಕೆಲವು ಸ್ಯಾಮ್‌ಸಂಗ್, ಪಿಕ್ಸೆಲ್ ಫೋನುಗಳಲ್ಲಿ ನಿಮ್ಮ ಫೈಲುಗಳನ್ನು ಮರೆಮಾಡುವ ರಿಪೇರಿ ಮೋಡ್ ಇದೆ. ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು, ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಅಲ್ಲಿದ್ದರೆ ಕೂಡಲೇ ಲಾಗ್‌ಔಟ್ ಮಾಡಿ.

ಬೇರೆಯವರ ಚಿತ್ರ ನಿಮಗೆ ಬಂದರೆ?

ತೆರೆಯಬೇಡಿ, ರಿಪೋರ್ಟ್ ಮಾಡಿ, ಅಳಿಸಿ. ಕಳಿಸಿದವರಿಗೆ ಒಂದು ಸಾಲು ಬರೆಯಿರಿ: ‘ಇದನ್ನು ಮುಂದೆ ಕಳಿಸಬೇಡಿ, ಇದು ಅಪರಾಧ.’ ಕಳಿಸಿದ್ದು ದೊಡ್ಡಪ್ಪನೋ ಭಾವನೋ ಆದರೆ ಗ್ರೂಪಿನಲ್ಲಿ ಮಾನ ತೆಗೆಯದೆ ನೇರವಾಗಿ ಫೋನ್ ಮಾಡಿ ಹೇಳಿ. ಚಿತ್ರದಲ್ಲಿರುವವರು ನಿಮಗೆ ಪರಿಚಯದವರಾದರೆ ಅವರು ನಂಬುವ ಒಬ್ಬರ ಮೂಲಕ ವಿಷಯ ಮುಟ್ಟಿಸಿ, ವಿಡಿಯೋ ಮುಟ್ಟಿಸಬೇಡಿ. ಅವರ ಪರವಾಗಿ ದೂರು ಕೊಡಲು ನಿಯಮದಲ್ಲೇ ಅವಕಾಶವಿದೆ ಎಂಬುದನ್ನು ತಿಳಿಸಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕನ್ನು ಕಾಯಲು ಕಾನೂನಿದೆ, ಹ್ಯಾಶ್ ಇದೆ, ಸಹಾಯವಾಣಿ ಇದೆ. ಇವೆಲ್ಲ ತಲುಪಲಾಗದ ಒಂದು ಜಾಗ ಉಳಿದಿದೆ: ಬೀಗ ಹಾಕಿದ ಚಾಟ್ ಮತ್ತು ಕಿಸೆಯಲ್ಲಿರುವ ಪೆನ್‌ಡ್ರೈವ್. ಅಲ್ಲಿ ತಡೆಯಬಲ್ಲವರು ಅದನ್ನು ಕೈಯಲ್ಲಿ ಹಿಡಿದವರು ಮಾತ್ರ, ಅಂದರೆ ನಾವು ಮತ್ತು ನೀವು.

ಯಾವುದನ್ನಾದರೂ ಫಾರ್ವರ್ಡ್ ಮಾಡಲೇಬೇಕು ಅನ್ನಿಸಿದರೆ ಆ ನಾಲ್ಕು ಸಂಖ್ಯೆಗಳನ್ನು ಮಾಡಿ: 1930, 181, 112, 1098. ನಿಮ್ಮ ಗ್ರೂಪಿನಲ್ಲಿ ಬಾಯಿಬಿಟ್ಟು ಕೇಳಲಾಗದ ಯಾರಿಗೋ ಅದು ಬೇಕಾಗಿರಬಹುದು.